ತಲೆಗೆ ಪೆಟ್ಟಾದ ಮೇಲಣ ಕಲಿಕೆ

ಕೆಲವು ವರುಷಗಳ ಹಿಂದೆ ನಮ್ಮ ಬಾಲಿಕೆಯೊಬ್ಬಳು ಮೆಟ್ಟಲಿನಿಂದ ಬಿದ್ದು, ತಲೆಗೆ ಬಲವಾದ ಪೆಟ್ಟು ತಗಲಿ, ಎರಡು ತಿಂಗಳ ತರುವಾಯ ತರಗತಿಗೆ ಮರಳಿದಳು. ಗಾಯವು ಮಾಸಿತ್ತು, ಮಾತೂ ನಡಿಗೆಯೂ ಮೊದಲಿನಂತಿದ್ದವು. ಆದರೆ ಮಧ್ಯಾಹ್ನವಾಗುತ್ತಲೇ ಆಕೆಯ ಲಕ್ಷ್ಯವು ಕುಂದುತ್ತಿತ್ತು. ಉಕ್ತಲೇಖನದಲ್ಲಿ ಅರ್ಧ ವಾಕ್ಯಗಳೇ ಇರುತ್ತಿರಲಿಲ್ಲ. ನಾವು ಅದನ್ನು ಸೋಮಾರಿತನವೆಂದೆಣಿಸಿ ಗದರಿಸಿದೆವು. ಆ ನಮ್ಮ ತಪ್ಪೇ ಈ ಲೇಖನಕ್ಕೆ ಕಾರಣವು.

ಮೆದುಳು ಬಹು ಮೃದುವಾದ ಅವಯವ. ಪೆಟ್ಟಿನ ರಭಸಕ್ಕೆ ಅದು ತಲೆಬುರುಡೆಯೊಳಗೆ ಅಲುಗಿ, ಸೂಕ್ಷ್ಮವಾದ ನರತಂತುಗಳು ಹರಿಯುವದುಂಟು. ರಕ್ತ ಹೆಪ್ಪುಗಟ್ಟಿದರೆ ತೆಗೆಯುವದು, ಉಸಿರಾಟವನ್ನೂ ರಕ್ತದ ಒತ್ತಡವನ್ನೂ ಕಾಯುವದು ವೈದ್ಯರ ಕೆಲಸ. ಮನೆಯವರ ಮತ್ತು ಶಿಕ್ಷಕರ ಕೆಲಸವು ಅದರ ಬಳಿಕ ಮೊದಲಾಗುವದು. ಸತ್ತ ಭಾಗವು ಬಹುಮಟ್ಟಿಗೆ ಪುನಃ ಬೆಳೆಯದು. ಉಳಿದ ಭಾಗಗಳೋ ಅಭ್ಯಾಸದಿಂದ ಹೊಸ ಸಂಬಂಧಗಳನ್ನು ಕಟ್ಟಿಕೊಳ್ಳಬಲ್ಲವು.

ಇದಕ್ಕೆ ರಷ್ಯ ದೇಶದ ಒಂದು ದೃಷ್ಟಾಂತವುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲೆಕ್ಸಾಂಡರ್ ಲೂರಿಯಾ ಎಂಬ ಪಂಡಿತರು ಉರಾಲ್ ಸೀಮೆಯಲ್ಲಿ ಗಾಯಾಳು ಸೈನಿಕರ ಆಸ್ಪತ್ರೆಯೊಂದನ್ನು ನಡಿಸಿದರು. 1943ರಲ್ಲಿ ಸ್ಮೊಲೆನ್ಸ್ಕ್ ಪ್ರಾಂತ್ಯದ ಕದನದಲ್ಲಿ ಜಸೆಟ್ಸ್ಕಿ ಎಂಬ ಯುವಕನ ಮೆದುಳಿನ ಎಡಭಾಗಕ್ಕೆ ಗುಂಡು ಹೊಕ್ಕಿತು. ಇಂಜಿನಿಯರಿಂಗ್ ವಿದ್ಯೆಯನ್ನು ಕಲಿಯುತ್ತಿದ್ದ ಆತನು ಅಕ್ಷರಮಾಲೆಯನ್ನೇ ಮರೆತನು; ಬಲಗಡೆಯ ವಸ್ತುಗಳು ಆತನಿಗೆ ಕಾಣದಾದವು. ಒಂದೊಂದೇ ಅಕ್ಷರವನ್ನು ನೆನಸಿಕೊಂಡು ಬರೆಯುವ ಯತ್ನವೆಲ್ಲವೂ ವಿಫಲವಾಗುತ್ತಿರಲು, ಒಂದು ದಿನ ವೈದ್ಯರು, ಯೋಚಿಸದೆ, ಕೈಯೆತ್ತದೆ, ಇಡೀ ಪದವನ್ನು ಒಂದೇ ಬಾರಿಗೆ ಬರೆಯುವಂತೆ ಹೇಳಿದರು. ಆತನು 'ರಕ್ತ' ಎಂಬರ್ಥದ ಪದವನ್ನು ಬರೆದೇಬಿಟ್ಟನು! ಬರೆದುದನ್ನು ಓದಲು ಮಾತ್ರ ತಿಳಿಯಲಿಲ್ಲ. ಅಕ್ಷರಜ್ಞಾನವು ಹೋಗಿದ್ದರೂ ಕೈಯ ರೂಢಿಯು ಉಳಿದಿತ್ತು. ಆ ದಾರಿಯನ್ನೇ ಹಿಡಿದು ಆತನು ಸುಮಾರು 25 ವರುಷಗಳಲ್ಲಿ 3000ದಷ್ಟು ಪುಟಗಳಲ್ಲಿ ತನ್ನ ಕಥೆಯನ್ನು ಬರೆದನು. ಆತನ ಇತರ ಕಷ್ಟಗಳು ನೀಗಲಿಲ್ಲವೆಂಬುದನ್ನೂ ಮರೆಮಾಡಬಾರದು.

ಈಗ ಅಂಗಸಾಧನೆ, ವಾಕ್‌ಚಿಕಿತ್ಸೆ, ದಿನಗೆಲಸಗಳ ಅಭ್ಯಾಸ, ಮನಶ್ಶಾಸ್ತ್ರಜ್ಞರ ನೆರವು ಇವೆಲ್ಲವೂ ಕೂಡಿ ನಡೆಯುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆಂದೇ ವಿಭಾಗವುಂಟು. ತಾಯಂದಿರು ಒಂದನ್ನು ನೆನಪಿನಲ್ಲಿಡಬೇಕು: ಪೆಟ್ಟಾದ ಬಳಿಕ ಪದೇಪದೇ ವಾಂತಿ, ಹೆಚ್ಚುವ ತಲೆನೋವು, ಎಬ್ಬಿಸಿದರೂ ಬಿಡದ ಮಂಪರು, ಸೆಳವು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಬೆಳಗಾಗಲೆಂದು ಕಾಯಬಾರದು.

ನಮ್ಮ ಬಾಲಿಕೆಯ ವೈದ್ಯರು ಹೇಳಿಕಳುಹಿಸಿದ ಮೇಲೆ ಆಕೆಗೆ ಅರ್ಧ ದಿನದ ಪಾಠ, ನಡುನಡುವೆ ವಿಶ್ರಾಂತಿ, ಒಂದು ಬಾರಿಗೆ ಒಂದೇ ಅಪ್ಪಣೆ ಎಂದು ಗೊತ್ತುಮಾಡಿದೆವು. ವೈದ್ಯರ ಸಮ್ಮತಿಯಿಲ್ಲದೆ ಆಟಕ್ಕೆ ಬಿಡಲಿಲ್ಲ. ಮರೆವಿಗಾಗಿ ಒಂದು ಕಿರುಪುಸ್ತಕವನ್ನು ಕೊಟ್ಟೆವು. ಮನೆಪಾಠ, ಬೀಗದ ಕೈ ಇಟ್ಟ ಸ್ಥಳ, ಹೊಸ ಉಪಾಧ್ಯಾಯಿನಿಯ ಹೆಸರು ಎಲ್ಲವೂ ಅದರಲ್ಲಿ ಬರುತ್ತಿದ್ದವು. ವರುಷದ ಕೊನೆಯಲ್ಲಿ ನಾವು ಆಕೆಯನ್ನು ಕರೆದು, ಗದರಿಸಿದ್ದಕ್ಕಾಗಿ ಕ್ಷಮೆ ಕೇಳಿದೆವು. ಆಕೆ ನಕ್ಕು, ಪುಸ್ತಕವನ್ನು ತೆರೆದು, ತಾರೀಖು ಸಹಿತ ಅದನ್ನೂ ಬರೆದುಕೊಂಡಳು.