ಸಂಜೆ ಕೊಟ್ಟಿಗೆಗೆ ಬಾರದ ದನ

ಹೋದ ಮಳೆಗಾಲದಲ್ಲಿ ಹರಿಹರಪುರದಿಂದ ಕೊಪ್ಪಕ್ಕೆ ಹೋಗುವ ರಸ್ತೆಯಂಚಿನಲ್ಲಿ ಒಂದು ಕಪ್ಪು ಗಿಡ್ಡ ಹೋರಿ ಅಡ್ಡಾಡುತ್ತಿತ್ತು. ದೂರದಿಂದ ನೋಡಿದವರಿಗೆ ಕುತ್ತಿಗೆಗೆ ಕೆಂಪು ಪಟ್ಟಿ ಕಟ್ಟಿದ ಹಾಗೆ ಕಾಣುತ್ತಿತ್ತು. ಹತ್ತಿರ ಹೋದರೆ ಕಣ್ಣಿಗಿಂತ ಮೊದಲು ಮೂಗಿಗೇ ಗೊತ್ತಾಗುತ್ತಿತ್ತು. ಕರುವಾಗಿದ್ದಾಗ ಯಾರೋ ಕಟ್ಟಿದ ನೀಲಿ ಪ್ಲಾಸ್ಟಿಕ್ ಹಗ್ಗ ಅದು. ಕರು ಬೆಳೆಯಿತು, ಹಗ್ಗ ಬೆಳೆಯಲಿಲ್ಲ. ಚರ್ಮ ಸೀಳಿ ಒಂದು ಬೆರಳು ಆಳ ಮಾಂಸದೊಳಗೆ ಕೂತಿತ್ತು. ಗಾಯದ ಅಂಚಿನಲ್ಲಿ ಅಕ್ಕಿಕಾಳಿನಂಥ ಹುಳಗಳು ಮಿಜಿಮಿಜಿ ಎನ್ನುತ್ತಿದ್ದವು. 'ಯಾರ ಮನೇದೋ ಮಾರಾಯ್ರೆ, ನಮಗ್ಯಾಕೆ' ಎಂದವರಲ್ಲಿ ಮೊದಲ ಮೂರು ದಿನ ನಾನೂ ಒಬ್ಬ.

ದನ ಬಿಟ್ಟು ಮೇಯಿಸುವುದು ನಮಗೆ ಹೊಸತಲ್ಲ. ಮಲೆನಾಡ ಗಿಡ್ಡ ಇರುವುದೇ ಹಾಗೆ. ಬೆಳಿಗ್ಗೆ ಕಣ್ಣಿ ಬಿಚ್ಚಿದರೆ ಕಾನು, ಬ್ಯಾಣ ಸುತ್ತಿ, ಸಿಕ್ಕಿದ ಸೊಪ್ಪು ತಿಂದು ಹೊಟ್ಟೆ ತುಂಬಿಸಿಕೊಳ್ಳುವ ತಳಿ. ನೂರು ಕಿಲೋ ಆಸುಪಾಸಿನ ಮೈ, ದಿನಕ್ಕೆ ಒಂದೆರಡು ಲೀಟರ್ ಹಾಲು, ಜಡಿಮಳೆಗೂ ಜಗ್ಗದ ಗೊರಸು. ಆದರೆ ಸಂಜೆ ಅದು ಮನೆಗೆ ಬರುತ್ತಿತ್ತು. ಅಕ್ಕಚ್ಚಿನ ಆಸೆಗೆ ಬರುತ್ತಿತ್ತು, ಕರುವಿನ ಕೂಗಿಗೆ ಬರುತ್ತಿತ್ತು. ಕಟ್ಟುವಾಗ ಮನೆಯವರ ಕೈ ಅದರ ಮೈಮೇಲೆ ಆಡುತ್ತಿತ್ತು. ಕೆಚ್ಚಲಿಗೆ ಮುಳ್ಳು ತರಚಿದ್ದು, ಮೂಗಿನಲ್ಲಿ ಉಂಬಳ ಕೂತಿದ್ದು, ಕಿವಿಯೊಳಗೆ ಉಣುಗು ಕಚ್ಚಿದ್ದು ಅದೇ ಸಂಜೆ ಗೊತ್ತಾಗುತ್ತಿತ್ತು. ಈಗ ತಪ್ಪಿಹೋಗಿರುವುದು ಆ ಸಂಜೆ. ಬಿಟ್ಟು ಮೇಯಿಸುವ ಪದ್ಧತಿಯನ್ನು ಬೈಯುವವರು ಇದನ್ನು ಗಮನಿಸುವುದಿಲ್ಲ.

ಏಕೆ ತಪ್ಪಿತು ಎಂಬುದು ನಮಗೇ ಗೊತ್ತಿದೆ. ಗದ್ದೆ ಅಡಿಕೆ ತೋಟವಾಯಿತು, ಹುಲ್ಲು ಹೋಯಿತು. ಟಿಲ್ಲರ್ ಬಂತು, ಎತ್ತು ಬೇಡವಾಯಿತು. ಜೆರ್ಸಿ ಇಂಜೆಕ್ಷನ್ನಿಗೆ ಹುಟ್ಟಿದ ಹೋರಿಗರುವಿಗಂತೂ ಹುಟ್ಟಿದ ದಿನದಿಂದಲೇ ಕೆಲಸವಿಲ್ಲ. ಮನೆಯಲ್ಲಿ ಉಳಿದವರು ಎಪ್ಪತ್ತು ದಾಟಿದವರು, ಮಕ್ಕಳು ಬೆಂಗಳೂರಿನಲ್ಲಿ. 2021ರ ಜನವರಿಯಿಂದ ಗೋಹತ್ಯೆ ನಿಷೇಧ ಕಾಯ್ದೆ ಬಿಗಿಯಾದ ಮೇಲೆ ಗೊಡ್ಡು, ಮುದಿ ದನ ಕೊಳ್ಳಲು ಬರುವವರೂ ಕಡಿಮೆಯಾದರು. ಕಾಯ್ದೆಯ ಸರಿತಪ್ಪು ಬೇರೆಯದೇ ಚರ್ಚೆ. ಕೊಟ್ಟಿಗೆಯ ಲೆಕ್ಕದಲ್ಲಿ ಮಾತ್ರ, ಮಾರಲಾಗದ ದನ ಒಂದು ರಾತ್ರಿ ಪೇಟೆಯ ಹತ್ತಿರ ಇಳಿಯುತ್ತದೆ. ಇಳಿಸುವ ಮೊದಲು ಕಿವಿಯ ಹಳದಿ ಓಲೆಯನ್ನು ಕತ್ತರಿಸುವ ಜಾಣರೂ ಇದ್ದಾರೆ. ಅದರಲ್ಲಿರುವ 12 ಅಂಕಿಯ ಸಂಖ್ಯೆಯಿಂದ ಯಜಮಾನ ಯಾರೆಂದು ತಿಳಿದುಬಿಡುತ್ತದಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಸಾಕಿದ ಪ್ರಾಣಿಯನ್ನು ಹೀಗೆ ಬಿಡುವುದು ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಅಷ್ಟರಲ್ಲಿ ಈಗ ಒಂದು ಹಗ್ಗವೂ ಬರುವುದಿಲ್ಲ.

ತಮಾಷೆಯೆಂದರೆ, ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿ ಸೊಪ್ಪು, 12 ಕಿಲೋ ಕೊಟ್ಟಿಗೆ ಗೊಬ್ಬರ ಕೊಡಬೇಕೆಂಬುದು ಶಿಫಾರಸು. ಅದಕ್ಕಾಗಿ ನಾವು ಬಯಲುಸೀಮೆಯಿಂದ ಲಾರಿಯಲ್ಲಿ ಕುರಿಗೊಬ್ಬರ ತರಿಸುತ್ತೇವೆ. ಸಗಣಿ ಹಾಕುವ ದನ ರಸ್ತೆಯಲ್ಲಿರುತ್ತದೆ.

ಗಾಯದ ವಿಷಯಕ್ಕೆ ಬರೋಣ. ಮಳೆಗಾಲದಲ್ಲಿ ಗಾಯವನ್ನು ದಿನದ ಲೆಕ್ಕದಲ್ಲಿ ಅಲ್ಲ, ಗಂಟೆಯ ಲೆಕ್ಕದಲ್ಲಿ ನೋಡಬೇಕು. ಹುಳ ಹಾಕುವ ನೊಣ ಗಾಯದ ಅಂಚಿನಲ್ಲಿ ಒಂದೇ ಸಲಕ್ಕೆ ನೂರಿನ್ನೂರು ಮೊಟ್ಟೆ ಇಡುತ್ತದೆ. 12ರಿಂದ 24 ಗಂಟೆಯಲ್ಲಿ ಮರಿಯಾಗುತ್ತದೆ. ಮರಿ ಜೀವಂತ ಮಾಂಸ ತಿನ್ನುತ್ತಾ ಒಳಗಿಳಿದು, ಐದಾರು ದಿನ ಬಲಿತು, ನೆಲಕ್ಕೆ ಉದುರಿ ಮಣ್ಣಿನಲ್ಲಿ ಕೋಶ ಕಟ್ಟುತ್ತದೆ. ಅಂದರೆ ಇವತ್ತು ತರಚು ಗಾಯವಾಗಿ ಕಂಡದ್ದು ನಾಳೆ ಸಂಜೆಗೆ ತೂತು. ಕೊಂಬಿನ ಬುಡ, ಗೊರಸಿನ ಸಂದು, ಹೊಸ ಕರುವಿನ ಹೊಕ್ಕುಳು, ಬಾಲದಡಿ, ಈ ನಾಲ್ಕು ಕಡೆ ಮೊದಲು ನೋಡಿ.

ಹುಳ ಬಿದ್ದಿದ್ದರೆ ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಗಾಯದೊಳಗೆ ಹತ್ತು ಹದಿನೈದು ನಿಮಿಷ ತುರುಕಿಡಿ. ಉಸಿರು ಕಟ್ಟಿ ಹುಳ ಮೇಲೆ ಬರುತ್ತವೆ. ಚಿಮಟದಿಂದ ಒಂದೊಂದಾಗಿ ತೆಗೆದು ಬಿಸಿನೀರಿಗೆ ಹಾಕಿ. ನೆಲಕ್ಕೆ ಬಿಸಾಡಿದರೆ ಮತ್ತೆ ನೊಣವೇ. ಆಮೇಲೆ ತಿಳಿಗುಲಾಬಿ ಬಣ್ಣ ಬರುವಷ್ಟು ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸಿದ ನೀರಿನಲ್ಲಿ ತೊಳೆದು ಮುಲಾಮು ಹಚ್ಚಿ. ಎಲ್ಲ ಹುಳ ಒಂದೇ ದಿನ ಹೊರಬರುವುದಿಲ್ಲ. ಮೂರು ದಿನ ಬಿಡದೆ ನೋಡಬೇಕು.

ಮುಲಾಮನ್ನು ಹಿತ್ತಲಲ್ಲೇ ಮಾಡಿಕೊಳ್ಳಬಹುದು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹೇಳುವ ನಾಟಿ ವಿಧಾನ ಇದು: ಕುಪ್ಪಿಗಿಡ, ಬೇವು, ತುಳಸಿ, ಮದರಂಗಿ ಎಲೆ ಒಂದೊಂದು ಹಿಡಿ, ಬೆಳ್ಳುಳ್ಳಿ ಹತ್ತು ಎಸಳು, ಅರಿಸಿನ 20 ಗ್ರಾಂ. ಎಲ್ಲವನ್ನೂ ಅರೆದು ಅರ್ಧ ಲೀಟರ್ ಕೊಬ್ಬರಿ ಎಣ್ಣೆಯಲ್ಲಿ ಕುದಿಸಿ ಆರಿಸಿದರೆ ಆಯಿತು. ಹುಳವಿದ್ದರೆ ಮೊದಲ ದಿನ ಮಾತ್ರ ಸೀತಾಫಲದ ಎಲೆ ಅರೆದು ಹಚ್ಚಬೇಕು, ಇಲ್ಲವೇ ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆ. ರಸ್ತೆಯಂಚಿನ ಆ ಕಪ್ಪು ಹೋರಿ ಕಡೆಗೆ ನಮ್ಮ ಕೈಗೆ ಸಿಕ್ಕ ಮೇಲೆ, ಎರಡನೆಯ ದಿನದಿಂದ ಹಚ್ಚಿದ್ದು ಈ ಮುಲಾಮನ್ನೇ.

ಮಾಡಬಾರದ್ದನ್ನು ಜೋರಾಗಿಯೇ ಹೇಳಬೇಕು. ಗದ್ದೆಗೆ, ಬಾಳೆಗೆ ಹಾಕುವ ಕೀಟನಾಶಕದ ಹರಳನ್ನು ಗಾಯಕ್ಕೆ ತುಂಬುವ ಅಭ್ಯಾಸ ನಮ್ಮಲ್ಲಿದೆ. ಹುಳ ಸಾಯುತ್ತದೆ, ಜೊತೆಗೆ ದನವೂ ಸಾಯಬಹುದು. ಅಡಿಕೆಯ ಕೊಳೆರೋಗಕ್ಕೆ ತಂದಿಟ್ಟ ಮೈಲುತುತ್ತ ಪ್ರತಿ ಮನೆಯಲ್ಲೂ ಇರುತ್ತದೆ. ಅದರ ಪುಡಿಯನ್ನು ಹಸಿ ಗಾಯಕ್ಕೆ ಉದುರಿಸಬೇಡಿ. ಮಾಂಸ ಸುಡುತ್ತದೆ, ದನ ನೆಕ್ಕಿದರೆ ವಿಷ.

ವಾಹನ ಬಡಿದು ಕಾಲು ಮುರಿದಿದ್ದರೆ ಅಡಿಕೆ ದಬ್ಬೆಯೇ ಸಾಕು. ಹಳೆ ಸೀರೆಯನ್ನು ದಪ್ಪಗೆ ಸುತ್ತಿ, ಮೇಲೆ ನಾಲ್ಕು ದಬ್ಬೆ ಇಟ್ಟು, ಮುರಿದ ಜಾಗದ ಮೇಲಿನ ಮತ್ತು ಕೆಳಗಿನ ಗಂಟು ಸೇರುವಂತೆ ಕಟ್ಟಿ. ಬಿದ್ದ ದನವನ್ನು ಮಗ್ಗುಲಾಗಿ ಮಲಗಲು ಬಿಡಬೇಡಿ, ಹೊಟ್ಟೆ ಉಬ್ಬರಿಸಿ ಸಾಯುತ್ತದೆ. ಎದೆಯ ಮೇಲೆ ಕೂರುವಂತೆ ಎರಡೂ ಕಡೆ ಹುಲ್ಲಿನ ಚೀಲ ಒತ್ತಿಡಿ, ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬಾಲ ಹಿಡಿದು ಎಳೆಯುವುದಂತೂ ಬೇಡವೇ ಬೇಡ. ಅಷ್ಟರಲ್ಲಿ ಹತ್ತಿರದ ಪಶು ಆಸ್ಪತ್ರೆಗೋ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೋ ಹೇಳಿ. ವಾಹನದ ಉಚಿತ ಕರೆ ಸಂಖ್ಯೆ 1962.

ಹಂದಿಗೆ ಇಟ್ಟ ಸಿಡಿಮದ್ದು ಕಚ್ಚಿ ದವಡೆ ಒಡೆದ ದನಕ್ಕೆ ಮನೆಮದ್ದು ಮಾಡಲು ಹೋಗಬೇಡಿ, ವೈದ್ಯರೇ ಬೇಕು. ಜೊಲ್ಲು ಸುರಿಸುವ ದನದ ಬಾಯಿಗೆ ಬರಿಗೈ ಹಾಕಬೇಡಿ. ಕಾಲುಬಾಯಿ ಜ್ವರವೂ ಇರಬಹುದು, ಹುಚ್ಚುನಾಯಿ ಕಚ್ಚಿದ್ದೂ ಇರಬಹುದು. ಜೊಲ್ಲು ತಾಗಿದರೆ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಕರೆತಂದ ದನವನ್ನು ಎರಡು ವಾರ ನಿಮ್ಮ ದನಗಳಿಂದ ದೂರ ಕಟ್ಟಿ. 2022ರಲ್ಲಿ ಚರ್ಮಗಂಟು ರೋಗ ಹೇಗೆ ಹಬ್ಬಿತೆಂದು ನೆನಪಿದೆಯಲ್ಲ. ಉಣುಗನ್ನಂತೂ ಹಗುರವಾಗಿ ನೋಡಬೇಡಿ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಕಂಡ ಮಂಗನ ಕಾಯಿಲೆ ಈಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಕ್ಕೂ ಬಂದಿದೆ. ಕಾಡಿನ ಉಣುಗನ್ನು ಊರಿಗೆ ಹೊತ್ತು ತರುವುದರಲ್ಲಿ ದನದ ಪಾಲೂ ಇದೆ. ಕಾರ್ತಿಕದಿಂದ ಮಳೆ ಹಿಡಿಯುವವರೆಗೆ ಉಣುಗಿನ ಔಷಧಿಯನ್ನು ವೈದ್ಯರನ್ನು ಕೇಳಿ ಹಾಕಿಸಿ.

ಇನ್ನು ಬೀದಿಗೆ ಬೀಳದ ಹಾಗೆ ನೋಡಿಕೊಳ್ಳುವುದು. ಇಂಜೆಕ್ಷನ್ ಕೊಡಿಸುವಾಗ ಲಿಂಗ ವಿಂಗಡಿಸಿದ ವೀರ್ಯ ಕೇಳಿ ಪಡೆಯಿರಿ; ಹತ್ತಕ್ಕೆ ಒಂಬತ್ತು ಹೆಣ್ಣುಗರುವೇ. ಕರುವಿನ ಕುಣಿಕೆಯಲ್ಲಿ ಸದಾ ನಾಲ್ಕು ಬೆರಳು ಆಡಬೇಕು, ತಿಂಗಳಿಗೊಮ್ಮೆ ಸಡಿಲಿಸಬೇಕು. ಸಾಕಲು ಆಗದಿದ್ದರೆ ಗೋಶಾಲೆಗೆ ಕೇಳಿ, ಆದರೆ ಬರಿಗೈಯಲ್ಲಿ ಹೋಗಬೇಡಿ. 2022ರಲ್ಲಿ ಸರ್ಕಾರ ತಂದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಒಂದು ರಾಸಿಗೆ ವರ್ಷಕ್ಕೆ ಇಟ್ಟ ಮೊತ್ತ 11,000 ರೂಪಾಯಿ. ದಿನಕ್ಕೆ ಮೂವತ್ತು ರೂಪಾಯಿ ಆಯಿತು. ಗೋಶಾಲೆಯವರಿಗೂ ಹುಲ್ಲು ಪುಕ್ಕಟೆ ಸಿಗುವುದಿಲ್ಲ.

ನಮ್ಮ ಹೋರಿಯನ್ನು ಹಗ್ಗ ಹಿಡಿದು ಅಟ್ಟಿಸಿದಷ್ಟೂ ಅದು ಕಾಡು ಹೊಕ್ಕಿತು. ಕಡೆಗೆ ಉಪ್ಪು ಹಾಕಿದ ಅಕ್ಕಚ್ಚನ್ನು ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಇಟ್ಟೆವು. ಮೂರನೆಯ ಸಂಜೆ ತಾನಾಗಿ ಬಂತು. ವೈದ್ಯರು ಮಂಪರು ಚುಚ್ಚಿ ಹಗ್ಗ ಬಿಡಿಸಿದರು. ಗಾಯ ಮಾಯಲು ಐದು ವಾರ ಬೇಕಾಯಿತು. ಈಗ ಹಗಲೆಲ್ಲ ಎಲ್ಲೋ ಮೇಯುತ್ತದೆ, ದೀಪ ಹಚ್ಚುವ ಹೊತ್ತಿಗೆ ಅಂಗಳದ ತುದಿಯಲ್ಲಿ ನಿಂತಿರುತ್ತದೆ. ಮಳೆ ಬಂದರೆ ಮಾತ್ರ ನೊಣ, ಕೆಸರು ತಪ್ಪಿಸಲು ಡಾಂಬರಿನ ಮೇಲೆ ಮಲಗುವ ಚಾಳಿ ಬಿಟ್ಟಿಲ್ಲ. ಕಪ್ಪು ಮೈ ಲೈಟಿಗೆ ಕಾಣುವುದಿಲ್ಲವೆಂದು ಕೊಂಬಿಗೆ ರೇಡಿಯಂ ಪಟ್ಟಿ ಅಂಟಿಸಿದ್ದೇವೆ. ಕುತ್ತಿಗೆಗೆ ಏನನ್ನೂ ಕಟ್ಟಿಲ್ಲ.