ಹರಿಹರದ ತುಂಗಭದ್ರಾ ಸೇತುವೆ ಮತ್ತು ನಮ್ಮ ಪೇಟೆಗಳು

ಬ್ಯಾಡಗಿ, ರಾಣೇಬೆನ್ನೂರು ಪೇಟೆಗಳಿಂದ ಬೆಂಗಳೂರಿನತ್ತ ಹೊರಟ ಸರಕು ಮೊದಲು ದಾಟಬೇಕಾದ ದೊಡ್ಡ ನದಿ ತುಂಗಭದ್ರೆ. ಹರಿಹರದ ಬಳಿ ಈ ನದಿಗೆ 1868ರಲ್ಲಿ ಪೂರ್ಣಗೊಂಡ ಸೇತುವೆಯು ನಮ್ಮ ಭಾಗದ ವಾಣಿಜ್ಯಕ್ಕೆ ಏನನ್ನು ನೀಡಿತೆಂಬುದು ವರ್ತಕ ಬಾಂಧವರು ಅರಿತಿರಬೇಕಾದ ವಿಷಯ.

ಅಂದು ನದಿಯ ಈಚೆ ದಡ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೂ, ಆಚೆ ದಡ ಮೈಸೂರು ಸೀಮೆಗೂ ಸೇರಿದ್ದವು. ಮೈಸೂರಿನ ಆಡಳಿತವು 1831ರಿಂದ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದು, ಸೇತುವೆ ಮುಗಿದಾಗ ಲೆವಿನ್ ಬೌರಿಂಗ್ ಆ ಸ್ಥಾನದಲ್ಲಿದ್ದರು. ಬೆಂಗಳೂರು–ಧಾರವಾಡ ಹೆದ್ದಾರಿಗಾಗಿ ಕಲ್ಲು ಮತ್ತು ಇಟ್ಟಿಗೆಯಿಂದ ಕಟ್ಟಿದ ಈ ಸೇತುವೆಗೆ ತಲಾ 60 ಅಡಿ ಅಗಲದ 14 ಕಮಾನುಗಳು. ವೆಚ್ಚ ಸುಮಾರು ಮೂರೂವರೆ ಲಕ್ಷ ರೂಪಾಯಿ. ಅಂದರೆ ಕಮಾನೊಂದಕ್ಕೆ ಸರಾಸರಿ 25,000.

ಕಮಾನುಗಳು ದೀರ್ಘವೃತ್ತಾಕಾರದವು. 60 ಅಡಿ ಅಗಲದ ಅರ್ಧವೃತ್ತಕ್ಕೆ 30 ಅಡಿ ಎತ್ತರ ಬೇಕು; ದೀರ್ಘವೃತ್ತವು ಅಷ್ಟೇ ಅಗಲವನ್ನು ಕಡಿಮೆ ಎತ್ತರದಲ್ಲಿ ದಾಟುತ್ತದೆ, ರಸ್ತೆಯ ಏರು ತಗ್ಗುತ್ತದೆ. ಹೇರು ತುಂಬಿದ ಬಂಡಿಯನ್ನು ಏರು ಹತ್ತಿಸಿದವರಿಗೆ ಇದರ ಬೆಲೆಯನ್ನು ಬೇರೆ ಹೇಳಬೇಕಿಲ್ಲ.

ಸೇತುವೆಯಿಂದ ಊರುಗಳು ಹತ್ತಿರವಾದವೆನ್ನುವುದು ವಾಡಿಕೆಯ ಮಾತು. ಮೈಲಿಗಳೇನೂ ಕಡಿಮೆಯಾಗಲಿಲ್ಲ, ಹೆಚ್ಚಿದ್ದು ಭರವಸೆ. ಮೆಣಸಿನಕಾಯಿಯ ಆವಕ ಮುಖ್ಯವಾಗಿ ಚಳಿಗಾಲ ಮತ್ತು ಬೇಸಿಗೆಯದು. ಆಗ ಹೊಳೆ ಇಳಿದಿರುತ್ತದೆ. ತೊಡಕು ಆಷಾಢ, ಶ್ರಾವಣಗಳದ್ದು. ತುಂಗೆ, ಭದ್ರೆಗಳೆರಡೂ ಮಲೆನಾಡಿನ ಮಳೆಯಿಂದ ತುಂಬುವ ಹೊಳೆಗಳಾದುದರಿಂದ, ಬ್ಯಾಡಗಿಯಲ್ಲಿ ಬಿಸಿಲಿದ್ದರೂ ಹರಿಹರದಲ್ಲಿ ಮಹಾಪೂರವಿರಬಹುದು. ಬಂಡಿಯ ಸರಕನ್ನು ದಡದಲ್ಲಿಳಿಸಿ, ಹರಿಗೋಲಿನಲ್ಲಿ ದಾಟಿಸಿ, ಆಚೆ ಮತ್ತೆ ಹೇರಬೇಕು. ಹೊಳೆ ಉಕ್ಕಿದರೆ ಅದೂ ಇಲ್ಲ. ಕಾಯುವ ದಿನಗಳ ಮೇವು, ಕೂಲಿ, ಬಡ್ಡಿಯೆಲ್ಲ ವರ್ತಕನ ತಲೆಯ ಮೇಲೆ. ಇಂತಹ ಹೊಳೆ ಎದುರಿಗಿದ್ದಾಗ ಮಳೆಗೆ ಮುನ್ನವೇ ಸಿಕ್ಕ ಬೆಲೆಗೆ ಮಾಲು ಮಾರುವುದು ಜಾಣತನವೆನಿಸುತ್ತದೆ. ಸೇತುವೆಯಾದ ಬಳಿಕ ದಾಸ್ತಾನು ಇಟ್ಟವನಿಗೆ ಮಳೆಗಾಲವೂ ಮಾರಾಟದ ಕಾಲವಾಗಬಲ್ಲುದಾಯಿತು. ಇಂದು ಶೀತಲಗೃಹಗಳು ಮಾಡುವ ಕೆಲಸದ ಅರ್ಧ ಪಾಲನ್ನು ಅಂದು ಈ ಕಮಾನುಗಳೇ ಮಾಡಿದವೆಂದರೆ ಅತಿಶಯೋಕ್ತಿಯಾಗದೆಂಬುದು ನಮ್ಮ ಅಭಿಪ್ರಾಯ.

1889ರ ವೇಳೆಗೆ ಬೆಂಗಳೂರಿನ ಕಡೆಯಿಂದ ಹರಿಹರಕ್ಕೆ ರೈಲು ಬಂದಿತು. ದೂರದ ಸರಕು ಕ್ರಮೇಣ ಅದರತ್ತ ತಿರುಗಿತು. 1956ರ ಏಕೀಕರಣದಿಂದ ನದಿಯ ಮೇಲಿನ ರಾಜ್ಯಗಡಿ ಅಳಿಯಿತು. ಆದರೆ 1997ರಲ್ಲಿ ಹಾವೇರಿ, ದಾವಣಗೆರೆ ಜಿಲ್ಲೆಗಳು ರಚನೆಯಾದಾಗ ಅದೇ ನದಿ ಜಿಲ್ಲೆಗಳ ಗಡಿಯಾಯಿತು: ಹರಿಹರ ದಾವಣಗೆರೆಗೆ, ಎದುರು ದಡದ ಕುಮಾರಪಟ್ಟಣಂ ಹಾವೇರಿಗೆ.