ಪತ್ತೇದಾರಿ ಕಾದಂಬರಿ: ಓದಿನ ಚರಿತ್ರೆಯ ಆಕರಗಳು

ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ, ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರಿಗೆ ಕನ್ನಡ ವಿಮರ್ಶೆ ನೀಡಿರುವ ಸ್ಥಾನ ಅತ್ಯಲ್ಪ. ಈ ಪ್ರಕಾರದ ಚರ್ಚೆ ವಿಮರ್ಶೆಯ ಪುಟಗಳಿಗಿಂತ ಹೆಚ್ಚಾಗಿ ಓದುಗರ ನಡುವೆ, ಗ್ರಂಥಾಲಯದ ಮೇಜಿನ ಬಳಿ ನಡೆಯುವಂಥದ್ದು. ಕೊಲೆಗಾರನ ಗುಟ್ಟು ಬಿಡದೆ ಮುಂದಿನ ಕೃತಿಯನ್ನು ಸೂಚಿಸುವ ಗ್ರಂಥಪಾಲಕನೂ ಒಂದರ್ಥದಲ್ಲಿ ವಿಮರ್ಶಕನೇ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕೆಂಬ ಎಸ್.ಆರ್. ರಂಗನಾಥನ್ ಅವರ 1931ರ ಸೂತ್ರದ ಆಶಯವೂ ಇದೇ.

ಆದರೆ ಹೆಚ್ಚು ಓದಿಸಿಕೊಂಡ ಪ್ರತಿಯೇ ಮೊದಲು ಹರಿದು ಕಪಾಟಿನಿಂದ ಹೊರಬೀಳುತ್ತದೆ. ಓದದೆ ಉಳಿದದ್ದು ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಕಪಾಟನ್ನಷ್ಟೇ ನೋಡಿ ಓದುಗರ ಅಭಿರುಚಿಯನ್ನು ನಿರ್ಣಯಿಸಲಾಗದು. ಬ್ರಹ್ಮಾವರದಂತಹ ಊರುಗಳ ಓದಿನ ಚರಿತ್ರೆಯನ್ನು ಕಟ್ಟಬೇಕಾದರೆ ಗ್ರಂಥಾಲಯಗಳ ಎರವಲು ವಹಿಗಳನ್ನೂ ಹಿರಿಯ ಓದುಗರ, ಗ್ರಂಥಪಾಲಕರ ನೆನಪುಗಳನ್ನೂ ಆಕರಗಳೆಂದು ಪರಿಗಣಿಸುವುದು ಅಗತ್ಯ. ವಹಿಗಳು ರದ್ದಿಗೆ ಹೋಗುವ ಮುನ್ನ ಈ ಕಾರ್ಯ ನಡೆಯಬೇಕಾಗಿದೆ.